ಬಿಸಿಲಿಗಿಟ್ಟ ನೀಲಿ ಕಲ್ಲು

ಮಾವನ ಮನೆಯಲ್ಲಿ ಅಳಿಯನಾದವನಿಗೆ ಇರುವ ಕೆಲಸ ಎರಡೇ. ಬಡಿಸಿದ್ದನ್ನು ಉಣ್ಣುವುದು, ಇನ್ನೂ ಬಡಿಸಲು ಬಂದರೆ ಸಾಕು ಸಾಕು ಎಂದು ಎಲೆಗೆ ಕೈ ಅಡ್ಡ ಹಿಡಿಯುವುದು. ಈ ಎರಡನ್ನೇ ಶ್ರದ್ಧೆಯಿಂದ ಮಾಡಿಕೊಂಡು ಹೋದ ಅಳಿಯಂದಿರು ಕೊನೆಯವರೆಗೂ ದೇವರ ಸಮಾನರಾಗಿ ಬಾಳಿದ್ದನ್ನು ನಾನು ಕಂಡಿದ್ದೇನೆ. ಕೆಟ್ಟವರೆಲ್ಲ ಮೂರನೆಯ ಕೆಲಸಕ್ಕೆ ಹೋದವರು. ನಮ್ಮ ಪೈಕಿಯ ಒಬ್ಬ ಮಾವನ ಪಂಪ್‌ಸೆಟ್ ರಿಪೇರಿಗೆ ಕೂತ, ಇನ್ನೊಬ್ಬ ಅಣ್ಣತಮ್ಮಂದಿರ ಭಾಗದ ಪಂಚಾಯಿತಿಯಲ್ಲಿ ಬಾಯಿ ಹಾಕಿದ. ನಾನು ಹೋದದ್ದು ರತ್ನಪರೀಕ್ಷೆಗೆ. ಇದನ್ನು ಪಶ್ಚಾತ್ತಾಪಪಟ್ಟು ಹೇಳುತ್ತಿದ್ದೇನೆಂದು ಯಾರೂ ತಿಳಿಯಬಾರದು. ಆವತ್ತು ನಾನು ಆಡಿದ ಒಂದೊಂದು ಮಾತೂ ಸರಿ. ಈಗಲೂ ಯಾವ ಪಂಡಿತರನ್ನು ಬೇಕಾದರೂ ಕರೆತನ್ನಿ, ಸಾಧಿಸಿ ತೋರಿಸುತ್ತೇನೆ. ಸರಿಯಾದ ಮಾತು ಆಡಿದವನ ಗತಿ ಏನಾಗುತ್ತದೆ ಎನ್ನುವುದಷ್ಟೇ ಇಲ್ಲಿಯ ವಿಷಯ.

ನನ್ನ ಊರು ಗುಬ್ಬಿ, ಕೆಲಸ ತುಮಕೂರಿನಲ್ಲಿ, ಹೆಣ್ಣು ಕೊಟ್ಟವರು ಕುಣಿಗಲ್‌ನವರು. ಬಿ.ಎಸ್ಸಿ.ಯಲ್ಲಿ ಭೂಗರ್ಭಶಾಸ್ತ್ರವನ್ನೂ ಓದಿದ್ದೆನಾಗಿ, ರೈತರ ಹೊಲಗಳಲ್ಲಿ ಬೋರ್‌ವೆಲ್ ಕೊರೆಯಲು ಜಾಗ ತೋರಿಸುವ ಕಚೇರಿಯೊಂದರಲ್ಲಿ ಕೆಲಸ ಸಿಕ್ಕಿತ್ತು. ನಾನು ತೋರಿಸಿದ ಕಡೆ ನೀರು ಬಿದ್ದ ಉದಾಹರಣೆಗಳೂ ಉಂಟು. ನೆಲದೊಳಗಿನ ನೀರು ಕಾಣುವವನಿಗೆ ಓಲೆಯೊಳಗಿನ ಕಲ್ಲು ಕಾಣದೇ ಇರುತ್ತದೆಯೇ ಎಂದು ನೆಂಟರಿಷ್ಟರು ತಾವಾಗಿಯೇ ತೀರ್ಮಾನಿಸಿಬಿಟ್ಟಿದ್ದರು. ಅವರ ನಂಬಿಕೆ ಕೆಡಿಸಲು ನನಗೂ ಮನಸ್ಸು ಬರಲಿಲ್ಲ. ಕಾಲೇಜಿನ ದಿನಗಳ ಒಂದು ಪುಟ್ಟ ಭೂತಗನ್ನಡಿ ಸದಾ ನನ್ನ ಅಂಗಿಯ ಜೇಬಿನಲ್ಲಿರುತ್ತಿತ್ತು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಹೋದ ಮದುವೆ ಮನೆಗಳಲ್ಲೆಲ್ಲ ಊಟವಾದ ಮೇಲೆ ಹೆಂಗಸರು ಓಲೆ, ಬೇಸರಿ, ಉಂಗುರಗಳನ್ನು ಬಿಚ್ಚಿ ನನ್ನ ಮುಂದೆ ಹಿಡಿಯುವುದು, ನಾನು ಒಂದು ಕಣ್ಣು ಮುಚ್ಚಿಕೊಂಡು ‘ಹೂಂ’ ಎನ್ನುವುದು ತಾಂಬೂಲದಷ್ಟೇ ವಾಡಿಕೆಯಾಗಿತ್ತು.

ಹಾಗೆ ನೋಡಿ ನೋಡಿ ನಾನು ಕಂಡುಕೊಂಡ ಸತ್ಯ ಇಷ್ಟು: ನಮ್ಮ ಕಡೆಯ ಅಜ್ಜಿಯರ ಕಿವಿಯಲ್ಲಿ ವಜ್ರವೆಂದು ಮೆರೆಯುತ್ತಿದ್ದ ಎಷ್ಟೋ ಕಲ್ಲುಗಳು ವಜ್ರವಲ್ಲ, ಜಿರ್ಕಾನ್. ಮೊದಲು ಸಿಕ್ಕಿಬಿದ್ದದ್ದು ನಮ್ಮಮ್ಮನ ಏಳು ಕಲ್ಲಿನ ಓಲೆಯೇ. ನಾನು ಉತ್ಸಾಹದಿಂದ, "ಅಮ್ಮಾ, ಇದು ವಜ್ರ ಅಲ್ಲ!" ಎಂದು ಕೂಗಿದಾಗ ಅವಳು ಹುಣಸೆಹಣ್ಣು ಕಿವುಚುವುದನ್ನೂ ನಿಲ್ಲಿಸದೆ, "ಮೆಲ್ಲಗೆ ಮಾತಾಡೋ, ಅದಕ್ಕೆ ಕೇಳಿಸೀತು. ಮದುವೆ ಆದಾಗಿಂದ ವಜ್ರ ಅನ್ಕೊಂಡೇ ಮರ್ಯಾದೆಯಾಗಿ ಹೊಳ್ಕೊಂಡು ಬಂದಿದೆ ಕಣೋ" ಎಂದಳು. ರತ್ನಶಾಸ್ತ್ರದ ಬಗ್ಗೆ ಇದಕ್ಕಿಂತ ಒಳ್ಳೆಯ ಮಾತನ್ನು ನಾನು ಇನ್ನೂ ಕೇಳಿಲ್ಲ.

ಜಿರ್ಕಾನ್ ಎಂದಕೂಡಲೇ ನಕಲಿ ಎಂದು ಮೂಗು ಮುರಿಯುವವರನ್ನು ಕಂಡರೆ ನನಗೆ ರೇಗುತ್ತದೆ. ಎಂಬತ್ತರ ಸುಮಾರಿಗೆ ತುಮಕೂರಿನ ಅಂಗಡಿಗಳ ಗಾಜಿನ ಪೆಟ್ಟಿಗೆಗಳಲ್ಲಿ ಬಂದು ಕೂತ ಅಮೆರಿಕನ್ ಡೈಮಂಡ್ ಬೇರೆ. ಅದು ಕಾರ್ಖಾನೆಯ ಸರಕು. ಜಿರ್ಕಾನ್ ಭೂಮಿಯೊಳಗೆ ಹುಟ್ಟಿದ ಅಸಲಿ ರತ್ನ. ಭೂಮಿಯ ಮೇಲಿನ ಅತಿ ಹಳೆಯ ವಸ್ತುಗಳ ಸಾಲಿನಲ್ಲಿ ಅದು ಕೂರುತ್ತದೆ. ಸಿಂಹಳದ ದಕ್ಷಿಣ ತುದಿಯ ಮಾತರದ ಕಡೆಯಿಂದ ಬರುತ್ತಿದ್ದ ಬಿಳಿ ಜಿರ್ಕಾನನ್ನು ಹಿಂದಿನ ಕಾಲದ ಬಿಳಿಯರೇ ‘ಮಾತರದ ವಜ್ರ’ ಎಂದು ಕರೆದು ತಮ್ಮ ದೊರೆಸಾನಿಯರ ಕೊರಳಿಗೆ ಕಟ್ಟಿದ್ದರು. ಆಮೇಲೆ ಸಯಾಮಿನ ಕಡೆಯವರು ಇನ್ನೊಂದು ಉಪಾಯ ಕಂಡುಕೊಂಡರು. ಮಾಸಲು ಕಂದು ಬಣ್ಣದ ಜಿರ್ಕಾನನ್ನು ಇದ್ದಿಲ ಒಲೆಯಲ್ಲಿ ಹದವಾಗಿ ಕಾಯಿಸಿದರೆ ಅದು ತಿಳಿನೀಲಿಯಾಗುತ್ತದೆ. ಆ ನೀಲಿಗೆ ನಮ್ಮ ಅಜ್ಜಂದಿರ ಕಾಲದಲ್ಲಿ ಲೋಕವೆಲ್ಲ ಮರುಳಾಗಿತ್ತು. ಬೆಳಕು ಬಿದ್ದರೆ ಒಳಗಿನಿಂದ ಕೆಂಪು, ಹಸಿರು, ಹಳದಿ ಕಿಡಿಗಳು ಹಾರುತ್ತವೆ. ಅಷ್ಟು ಕಿಡಿ ನಿಜವಾದ ನೀಲಮಣಿಯಲ್ಲೂ ಇಲ್ಲ. ಅಂಚುಗಳು ಬೇಗ ಸವೆಯುತ್ತವೆ ಎನ್ನುವುದೊಂದೇ ಅದರ ದೋಷ. ಇನ್ನು ಅದನ್ನು ಪತ್ತೆಹಚ್ಚುವುದು ಬಲು ಸುಲಭ. ಭೂತಗನ್ನಡಿ ಹಿಡಿದು ಮೇಲಿನಿಂದ ಕಲ್ಲಿನೊಳಗೆ ನೋಡಿದರೆ ಹಿಂಬದಿಯ ಒಂದೊಂದು ಗೆರೆಯೂ ಜೋಡಿಯಾಗಿ ಕಾಣುತ್ತದೆ. ವಜ್ರದಲ್ಲಾಗಲಿ ನೀಲದಲ್ಲಾಗಲಿ ಹಾಗೆ ಕಾಣುವುದಿಲ್ಲ.

ಇಷ್ಟು ಪೀಠಿಕೆ ಸಾಕು. ಕುಣಿಗಲ್‌ನ ನಮ್ಮತ್ತೆ ಗೌರಮ್ಮನವರ ಕಬ್ಬಿಣದ ಟ್ರಂಕಿನಲ್ಲಿ ಒಂದು ಪದಕವಿತ್ತು. ಸುತ್ತ ಸಣ್ಣ ಮುತ್ತು, ನಡುವೆ ಕಡಲೆಕಾಳಿಗಿಂತ ದೊಡ್ಡದಾದ ನೀಲಿ ಕಲ್ಲು. ಅವರ ಮದುವೆಯಲ್ಲಿ ಅವರಪ್ಪ ಬೆಂಗಳೂರು ಪೇಟೆಯಿಂದ ತಂದು ಹಾಕಿದ್ದಂತೆ. ಮನೆಯವರೆಲ್ಲ ಅದನ್ನು ‘ನೀಲದ ಪದಕ’ ಎನ್ನುತ್ತಿದ್ದರು, ಅನ್ನುವಾಗ ದನಿ ತಗ್ಗಿಸುತ್ತಿದ್ದರು. ನೀಲ ಶನಿಯ ರತ್ನ, ಎಲ್ಲರಿಗೂ ಆಗಿಬರುವುದಿಲ್ಲ. ಅತ್ತೆ ಅದನ್ನು ಹಾಕಿಕೊಂಡ ದಿನವೇ ಹಟ್ಟಿಯಲ್ಲಿದ್ದ ಎಮ್ಮೆ ಬಾವಿಗೆ ಬಿದ್ದಿತ್ತು. ಇನ್ನೊಮ್ಮೆ ಹಾಕಿಕೊಂಡು ಮಾರ್ಕೋನಹಳ್ಳಿ ಡ್ಯಾಮು ನೋಡಲು ಹೊರಟರೆ ಬಸ್ಸು ದಾರಿಯಲ್ಲೇ ಕೆಟ್ಟು ನಿಂತಿತ್ತು. ಆ ದಾರಿಯ ಬಸ್ಸುಗಳು ಪದಕವಿಲ್ಲದೆಯೂ ಕೆಟ್ಟು ನಿಲ್ಲುತ್ತಿದ್ದವು ಎನ್ನುವುದನ್ನು ಯಾರೂ ಗಣನೆಗೆ ತೆಗೆದುಕೊಳ್ಳಲಿಲ್ಲ. ಅಂತೂ ಪದಕ ಕೆಂಪು ಮಖಮಲ್ಲಿನಲ್ಲಿ ಸುತ್ತಿಕೊಂಡು ವರ್ಷಗಟ್ಟಲೆ ಕತ್ತಲಲ್ಲಿ ಮಲಗಿತ್ತು.

ಎಂಬತ್ತರ ದಶಕದ ಆರಂಭದಲ್ಲಿ ನನ್ನ ನಾದಿನಿ ವಿಮಲಳಿಗೆ ಅಮೃತೂರಿನ ಕಡೆಯ ಸಂಬಂಧ ಗೊತ್ತಾಯಿತು. ಹಿರಿಮಗಳಾದ ನನ್ನ ಹೆಂಡತಿ ಸುಮಿತ್ರಳಿಗೆ ಅಜ್ಜಿಯ ಅವಲಕ್ಕಿ ಸರ ಹೋಗಿತ್ತು, ವಿಮಲಳಿಗೆ ಈ ಪದಕ ಎಂದು ಅತ್ತೆಗೆ ಆಸೆ. ಆದರೆ ಧಾರೆಯ ಹೊತ್ತಿಗೆ ಶನಿಯನ್ನು ಮಗಳ ಕೊರಳಿಗೆ ಕಟ್ಟುವುದು ಹೇಗೆ? ಬೇಸಿಗೆ ರಜೆಯಲ್ಲಿ ಮದುವೆಯ ಕೆಲಸಕ್ಕೆಂದು ನಾವು ಮುಂಚಿತವಾಗಿ ಹೋಗಿದ್ದಾಗ ಈ ಚರ್ಚೆ ನಡುಮನೆಯಲ್ಲಿ ನಡೆಯುತ್ತಿತ್ತು. ಯಾರೂ ನನ್ನನ್ನು ಕೇಳಿರಲಿಲ್ಲ. ಬೀದಿಯಲ್ಲಿ ಹೋಗುವ ಮಾರಿಯನ್ನು ನಾನೇ ಮನೆಗೆ ಕರೆದೆ. "ಕೊಡಿ ಇಲ್ಲಿ" ಎಂದು ಭೂತಗನ್ನಡಿ ತೆಗೆದೆ. ಒಂದೇ ನೋಟ, ಹಿಂದಿನ ಗೆರೆಗಳೆಲ್ಲ ಜೋಡಿ ಜೋಡಿ. "ಅತ್ತೆ, ಇದು ನೀಲ ಅಲ್ಲವೇ ಅಲ್ಲ. ಜಿರ್ಕಾನ್. ಶನಿಗೂ ಇದಕ್ಕೂ ಪರಿಚಯವೇ ಇಲ್ಲ" ಎಂದು ಘೋಷಿಸಿದೆ. ಸಯಾಮಿನಿಂದ ಹಿಡಿದು ದೊರೆಸಾನಿಯರವರೆಗೆ ಇಡೀ ಚರಿತ್ರೆಯನ್ನು ಕಾಫಿ ಆರುವವರೆಗೆ ಹೇಳಿದೆ.

ಅತ್ತೆಯ ಮುಖ ಅರಳುತ್ತದೆ ಎಂದುಕೊಂಡಿದ್ದೆ. ಅವರು, "ಹಂಗಾದ್ರೆ ನಮ್ಮಪ್ಪ ಮೋಸ ಹೋಗಿದ್ರಾ?" ಎಂದು ಕೇಳಿದರು. ಮೋಸವಲ್ಲ, ನೀಲಕ್ಕಿಂತ ಇದರ ಕಿಡಿಯೇ ಹೆಚ್ಚು ಎಂದು ನಾನು ಸಮಾಧಾನ ಹೇಳುತ್ತಿರುವಾಗ ಗೂಳೂರಿನಿಂದ ಬಂದಿದ್ದ ಪುಟ್ಟಮ್ಮ ಬಾಯಿ ಹಾಕಿದರು. ಈ ಪುಟ್ಟಮ್ಮ ನಮ್ಮ ಮಾವನ ಅಕ್ಕ. ಆ ಮನೆಯಲ್ಲಿ ಮಾತಿಗೆ ಹೆದರದ ಜೀವ ಅವರೊಬ್ಬರೇ. "ಅಳಿಮಯ್ಯ ಹೇಳೋದು ದಿಟವೇ ಇರ್ಲಿ ಬುಡು. ಆದ್ರೂ ಇಷ್ಟು ವರ್ಸ ಶನಿ ಅಂತ ಕರ್ದಿದೀವಿ, ಕರ್ದ ಮ್ಯಾಕೆ ಬಂದು ಕುಂತಿರಲ್ವಾ? ಹಾಲಲ್ಲಿ ನೆನಸಿ, ಅಂಟುವಾಳದಲ್ಲಿ ತೊಳ್ದು, ಬಿಸ್ಲಿಗೆ ಇಕ್ರವ್ವಾ. ಶನಿ ಸೂರ್ಯನ ಮಗ ಅಲ್ವಾ? ಅಪ್ಪನ ಮುಂದೆ ನಿಲ್ಸುದ್ರೆ ಮಗ ಎದ್ದು ಹೋಯ್ತಾನೆ" ಎಂದರು. ಇಷ್ಟು ಅಚ್ಚುಕಟ್ಟಾದ ತರ್ಕಕ್ಕೆ ನಾನೂ ತಲೆದೂಗಿದೆ.

ಹಾಲಿಗೂ ಅಂಟುವಾಳಕ್ಕೂ ಹಳೆಯ ಅರಗು ಬಿಟ್ಟುಕೊಂಡು ಕಲ್ಲು ಪದಕದಿಂದ ಕೈಗೇ ಬಂತು. ಮದುವೆಗೆ ಮುಂಚೆ ಅಕ್ಕಸಾಲಿಗರಿಂದ ಕೂರಿಸಿದರಾಯಿತು ಎಂದು ಪದಕವನ್ನು ಒಳಗಿಟ್ಟು, ಕಲ್ಲನ್ನು ಮಾತ್ರ ಹಿತ್ತಾಳೆ ತಟ್ಟೆಯಲ್ಲಿ ಹಾಕಿ ತಾರಸಿಯ ಮೇಲೆ ಸಂಡಿಗೆಗಳ ನಡುವೆ ಇಟ್ಟರು. ಕಾವಲಿಗೆ ಯಾರು? ಮದುವೆ ಮನೆಯಲ್ಲಿ ಎಲ್ಲರಿಗೂ ಕೆಲಸ, ಅಳಿಯನೊಬ್ಬನೇ ಖಾಲಿ. ಕಪ್ಪು ಛತ್ರಿ ಬಿಡಿಸಿಕೊಂಡು, ಟ್ರಾನ್ಸಿಸ್ಟರ್ ಪಕ್ಕದಲ್ಲಿಟ್ಟುಕೊಂಡು, ಕಾಗೆಗಳನ್ನು ‘ಹುಶ್’ ಎನ್ನುತ್ತ ನಾನು ಅಲ್ಲಿ ಸ್ಥಾಪನೆಯಾದೆ. ಬೆಳಿಗ್ಗೆ ಒಯ್ದು ಇಡುವವನೂ ನಾನೇ, ಸಂಜೆ ಬಟ್ಟೆ ಮುಚ್ಚಿ ತಂದು ಅತ್ತೆಯ ಕೈಗೆ ಕೊಡುವವನೂ ನಾನೇ; ಅವರು ತೆರೆದು ನೋಡದೆ ಹಾಗೆಯೇ ಒಳಗಿಡುತ್ತಿದ್ದರು. ನಡುವೆ ಒಂದು ದಿನ ರಜೆ ಮುಂದುವರಿಸಲು ತುಮಕೂರಿನ ಕಚೇರಿಗೆ ಬೇರೆ ಹೋಗಿಬಂದೆ.

ಸಂಡಿಗೆ ಒಣಗಿದವು. ಕೊನೆಯ ಸಂಜೆ ಅತ್ತೆ ತಟ್ಟೆಯನ್ನು ದೀಪದ ಕೆಳಗೆ ಹಿಡಿದು ನೋಡಿದರು, ಕಣ್ಣು ಒರೆಸಿಕೊಂಡು ಮತ್ತೆ ನೋಡಿದರು. ದಿನವೂ ನೋಡುತ್ತಿದ್ದ ನನಗೆ ಸ್ವಲ್ಪ ಸ್ವಲ್ಪವಾಗಿ ಆದದ್ದು ಗೊತ್ತಾಗಿರಲಿಲ್ಲ. ತಟ್ಟೆಯಲ್ಲಿದ್ದದ್ದು ನೀಲಿ ಕಲ್ಲಲ್ಲ. ಬೆಲ್ಲದ ನೀರಿನ ಬಣ್ಣದ, ಮಂಕಾದ ಒಂದು ಕಲ್ಲು. ಮಾವ ತಿಮ್ಮಪ್ಪನವರು ಕನ್ನಡಕ ಹಾಕಿಕೊಂಡು ನೋಡಿ, "ಇದು ಗೋಮೇಧಿಕ ಕಣೇ. ಶನಿ ಹೋಗಿ ರಾಹು ಬಂದು ಕೂತವ್ನೆ" ಎಂದರು. ಪುಟ್ಟಮ್ಮ ಮಾತ್ರ ಕಲ್ಲನ್ನು ನೋಡಲಿಲ್ಲ. ನನ್ನನ್ನು ನೋಡಿದರು.

ನನಗೆ ಆ ಕ್ಷಣವೇ ಕಾರಣ ಹೊಳೆಯಿತು. ಇದ್ದಿಲ ಬೆಂಕಿಯಲ್ಲಿ ಪಡೆದ ನೀಲಿಯನ್ನು ಕೆಲವು ಜಿರ್ಕಾನುಗಳು ಕಡುಬಿಸಿಲಿನಲ್ಲಿ ಬಿಟ್ಟುಕೊಟ್ಟು ಹಳೆಯ ಕಂದಿಗೆ ಮರಳುತ್ತವೆ. ಕಾಲೇಜಿನಲ್ಲಿ ನಮ್ಮ ಮೇಷ್ಟರು ಹೇಳಿದ್ದರು. ಕತ್ತಲಲ್ಲಿ ಮಲಗಿದ್ದುದಕ್ಕೇ ಪದಕ ಇಷ್ಟು ಕಾಲ ನೀಲಿಯಾಗಿತ್ತು. ನಾನು ಇದನ್ನು ಲವಲವಿಕೆಯಿಂದ ವಿವರಿಸಿದೆ. ಎಲ್ಲರೂ ಬಹಳ ಗೌರವದಿಂದ ಕೇಳಿದರು. ಮಾತು ಮುಗಿಸಿ ಸುತ್ತ ನೋಡಿದಾಗ ನನ್ನ ವಾದ ಅವರ ಕಿವಿಗೆ ಹೇಗೆ ಬಿದ್ದಿರಬಹುದೆಂದು ನನಗೇ ತಿಳಿಯಿತು. ಕಲ್ಲನ್ನು ಮೊದಲು ಕೈಗೆತ್ತಿಕೊಂಡವನು ನಾನು. ಅದು ನೀಲವಲ್ಲ ಎಂದು ಮುಂಚಿತವಾಗಿ ಹೇಳಿಟ್ಟವನು ನಾನು. ಕಾವಲಿದ್ದವನು ನಾನು. ಕಲ್ಲು ಬಿಡಿಯಾದ ಮೇಲೆ ಕೈಚೀಲ ಹಿಡಿದು ತುಮಕೂರಿಗೆ ಹೋಗಿಬಂದವನೂ ನಾನೇ. ನಾನೇ ನ್ಯಾಯಾಧೀಶನಾಗಿದ್ದರೂ ನನ್ನನ್ನು ಬಿಡುತ್ತಿರಲಿಲ್ಲ.

ಮನೆಯ ಆಳಿನ ಮೇಲೆ ಅನುಮಾನ ಬಂದಿದ್ದರೆ ಕೂಗಾಟವಾಗಿ ಮುಗಿಯುತ್ತಿತ್ತು. ಅಳಿಯನ ಮೇಲೆ ಅನುಮಾನ ಬಂದರೆ ಹಾಗಲ್ಲ. ಅವನಿಗೆ ತುಪ್ಪ ಜಾಸ್ತಿ ಬಡಿಸುತ್ತಾರೆ. ಮರುದಿನ ನನ್ನ ಹೋಳಿಗೆ ತುಪ್ಪದಲ್ಲಿ ತೇಲುತ್ತಿತ್ತು. ಗೋಡೆಯ ಮೊಳೆಯಲ್ಲಿ ನೇತಾಡುತ್ತಿದ್ದ ಟ್ರಂಕಿನ ಬೀಗದಕೈ ಮಾತ್ರ ಅತ್ತೆಯ ಸೊಂಟ ಸೇರಿತ್ತು. ಬೆಳಗಿನ ಹಾಲು ಬೆಳ್ಳಿ ಲೋಟದಲ್ಲಿ ಬರುತ್ತಿದ್ದದ್ದು ಸ್ಟೀಲ್ ಲೋಟಕ್ಕೆ ಇಳಿಯಿತು. ನಾನು ಕೋಣೆಗೆ ಕಾಲಿಟ್ಟರೆ ಮಾತು ಒಮ್ಮೆಲೇ ತೆಂಗಿನಕಾಯಿಯ ಫಸಲಿನ ಕಡೆ ತಿರುಗುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ನನ್ನನ್ನು ಯಾರೂ ಕಳ್ಳ ಎನ್ನದೆಯೇ ನಾನು ದಿನವಿಡೀ ಹೆಗಲು ಮುಟ್ಟಿಕೊಳ್ಳುತ್ತಿದ್ದೆ. ತಮಾಷೆಯ ಮಾತಿರಲಿ, ಒಳಗೆ ಬಹಳ ನೋವಾಯಿತು. ಸುಮಿತ್ರ ತವರಿನಲ್ಲಿ ತಲೆಯೆತ್ತಿ ಓಡಾಡುವುದನ್ನು ಬಿಟ್ಟು ಅಡುಗೆಮನೆಯ ಮೂಲೆ ಹಿಡಿದಿದ್ದಳು. "ನಾನು ನಿಮ್ಮನ್ನ ಏನೂ ಕೇಳಲ್ಲ" ಎಂದಷ್ಟೇ ಅಂದಳು. ವಿಮಲ ನನ್ನ ಕಣ್ಣು ತಪ್ಪಿಸುತ್ತಿದ್ದಳು. ಆ ಕಲ್ಲು ಮತ್ತೆ ನೀಲಿಯಾಗದೆ ಮದುವೆ ನಡೆದರೆ, ಆ ಮನೆಯ ಹೊಸ್ತಿಲನ್ನು ನಾನು ಯಾವ ಮುಖ ಇಟ್ಟುಕೊಂಡು ತುಳಿಯುವುದು?

ಅದರ ಮಾರನೆಯ ಮಧ್ಯಾಹ್ನ ಹಜಾರದಲ್ಲಿ ಕಣ್ಣು ಮುಚ್ಚಿ ಮಲಗಿದ್ದೆ. ಪುಟ್ಟಮ್ಮ ಅಡುಗೆಮನೆಯಲ್ಲಿ, "ಹಿಡಿಮಣ್ಣು ಹಾಕ್ಸಿ ಬುಡು ತಿಮ್ಮಪ್ಪ" ಎನ್ನುವುದು ಕೇಳಿಸಿತು. ನಮ್ಮ ಹಳ್ಳಿಗಳ ಹಳೆಯ ಪದ್ಧತಿ ಇದು. ಮನೆಯಲ್ಲಿ ವಸ್ತು ಕಳೆದಾಗ ಎಲ್ಲರೂ ಒಂದೊಂದು ಹಿಡಿ ಮಣ್ಣು ತೆಗೆದುಕೊಂಡು ಒಬ್ಬೊಬ್ಬರಾಗಿ ಕತ್ತಲೆ ಕೋಣೆಗೆ ಹೋಗಿ ಮಂಕರಿಗೆ ಹಾಕಿ ಬರಬೇಕು. ಕದ್ದವನು ಮಣ್ಣಿನ ಜೊತೆ ವಸ್ತುವನ್ನೂ ಹಾಕಿಬಿಡುತ್ತಾನೆ. ವಸ್ತು ಸಿಗುತ್ತದೆ, ಕಳ್ಳನ ಮಾನವೂ ಉಳಿಯುತ್ತದೆ. ಆಮೇಲೆ ಯಾರೂ ಅದರ ಸುದ್ದಿ ಎತ್ತುವುದಿಲ್ಲ. ಮಾವ ಗಾಬರಿಯಿಂದ, "ಸುಮ್ನಿರಕ್ಕ! ಮನೆ ಅಳಿಯನ ಕೈಗೆ ಮಣ್ಣು ಕೊಡಕ್ಕಾಯ್ತದಾ?" ಎಂದು ಪಿಸುಗುಟ್ಟಿದರು.

ನಾನು ಎದ್ದು ಕೂತೆ. ಮೇಷ್ಟರ ಪಾಠದ ಉಳಿದ ಅರ್ಧ ನೆನಪಾಗಿತ್ತು: ಬಿಸಿಲಿಗೆ ಕಳೆದ ಬಣ್ಣ, ಕತ್ತಲಲ್ಲಿಟ್ಟು ಮಾಮೂಲಿ ಬಲ್ಬಿನ ಹಿತವಾದ ಕಾವು ಬೆಳಕು ಕೊಟ್ಟರೆ ಮರಳಬಹುದು. ನೇರ ಅಡುಗೆಮನೆಗೆ ಹೋಗಿ, ಸಭೆಯಲ್ಲಿ ಮಾತಾಡುವವನ ದನಿಯಲ್ಲಿ ಹೇಳಿದೆ. "ಮಾವ, ಕಲ್ಲನ್ನ ನಂಗೆ ಕೊಡಿ. ಕಣಜದ ಕೋಣೆ ಬಿಟ್ಟುಕೊಡಿ, ಅಲ್ಲಿ ಕಿಟಕಿ ಇಲ್ಲ. ಒಂದು ಟೇಬಲ್ ಲ್ಯಾಂಪ್ ಬೇಕು. ಬಾಗಿಲು ಹಾಕ್ಕೋತೀನಿ, ನಾಳೆ ಬೆಳಿಗ್ಗೆವರೆಗೂ ಯಾರೂ ಒಳಗೆ ಬರಬಾರದು. ಅದೇ ನೀಲಿ ಕಲ್ಲು ನಿಮ್ಮ ಕೈಲಿಡ್ತೀನಿ."

ಪುಟ್ಟಮ್ಮ ಅತ್ತೆಯ ಮುಖ ನೋಡಿದರು, ಅತ್ತೆ ಮಾವನ ಮುಖ ನೋಡಿದರು. ಮಾವನ ಕಣ್ಣಲ್ಲಿ ನೀರಾಡಿತು. "ಆಗ್ಲಿ ಅಳಿಯಂದ್ರೆ. ಯಾರೂ ಅತ್ತ ಸುಳಿಯಲ್ಲ. ನಿಧಾನವಾಗಿ ಆಗ್ಲಿ, ಏನೂ ಅವಸರ ಇಲ್ಲ" ಎಂದು ನನ್ನ ಬೆನ್ನು ಸವರಿದರು. ವಿಜ್ಞಾನಕ್ಕೆ ಆ ಮನೆಯಲ್ಲಿ ಇಷ್ಟು ಬೇಗ ಗೌರವ ಬಂದದ್ದು ನೋಡಿ ನನಗೂ ಕಣ್ಣು ತುಂಬಿಬಂತು.

ರಾಗಿ ಮೂಟೆಗಳ ನಡುವೆ ಲ್ಯಾಂಪು ಹಚ್ಚಿಕೊಂಡು ಕೂತೆ. ಕರೆಂಟು ತನ್ನ ಅಭ್ಯಾಸದಂತೆ ಬಂದು ಹೋಗಿ ಮಾಡಿತು. ಬೆಳಿಗ್ಗೆ ಕಣ್ಣುಜ್ಜಿಕೊಂಡು ನೋಡಿದರೆ ತಟ್ಟೆಯಲ್ಲಿ ನೀಲಿ! ಮೊದಲಿನಷ್ಟೇ ತಿಳಿಯಾದ, ಮೊದಲಿನಷ್ಟೇ ಕಿಡಿ ಹಾರಿಸುವ ನೀಲಿ. ಗೆದ್ದ ಕುಸ್ತಿಪಟುವಿನ ಹಾಗೆ ಬಾಗಿಲು ತೆರೆದು ಹೊರಗೆ ಬಂದೆ. "ನೋಡಿ! ನಾನು ಹೇಳಿರಲಿಲ್ವಾ? ಬಿಸಿಲಿಗೆ ಕಂದಾಗುತ್ತೆ, ಬಲ್ಬಿಗೆ ನೀಲಿಯಾಗುತ್ತೆ. ಇದೇ ಜಿರ್ಕಾನಿನ ಗುಣ. ಬೇಕಾದ್ರೆ ಇನ್ನೊಂದ್ಸಲ ಬಿಸಿಲಿಗಿಟ್ಟು ತೋರಿಸ್ತೀನಿ!"

"ಬ್ಯಾಡ ಬ್ಯಾಡ!" ಎಂದು ಎಲ್ಲರೂ ಒಟ್ಟಿಗೆ ಕೂಗಿದರು, ಅತ್ತೆ ಕಲ್ಲನ್ನು ಕಿತ್ತುಕೊಂಡರು. ಪುಟ್ಟಮ್ಮ ನನ್ನ ಮುಖಕ್ಕೆ ನೆಟಿಕೆ ತೆಗೆದು, "ನನ್ನಪ್ಪ, ಮನ್ಸು ಚಿನ್ನ ಕಣ್ ನಿಂದು. ಎಂಥೆಂಥೋರ್ಗೆ ಈ ಬುದ್ಧಿ ಬರಾಕಿಲ್ಲ" ಎಂದರು. ಹಾಲು ಮತ್ತೆ ಬೆಳ್ಳಿ ಲೋಟದಲ್ಲಿ ಬಂತು. ವಿಮಲ ನಕ್ಕಳು. ಬೀಗದಕೈ ಮಾತ್ರ ಮೊಳೆಗೆ ಮರಳಲಿಲ್ಲ, ಮದುವೆ ಮನೆಯ ಗಡಿಬಿಡಿ ಇರಬಹುದೆಂದು ನಾನು ಸುಮ್ಮನಾದೆ. ಧಾರೆಯ ಹೊತ್ತಿನಲ್ಲಿ ಅವಳ ಕೊರಳಲ್ಲಿ ಆ ಕಲ್ಲು ಹೋಮದ ಬೆಳಕಿಗೆ ಬಣ್ಣಬಣ್ಣವಾಗಿ ಹೊಳೆಯುತ್ತಿದ್ದಾಗ ಬೀಗರ ಕಡೆಯ ಹೆಂಗಸರು ಎದ್ದೆದ್ದು ನೋಡಿದರು. ವಜ್ರ, ನೀಲ, ಎಲ್ಲವೂ ಅದರ ಮುಂದೆ ಮಂಕೇ. ಜಿರ್ಕಾನಿನ ಮಾನವನ್ನೂ ನನ್ನ ಮಾನವನ್ನೂ ಒಟ್ಟಿಗೆ ಉಳಿಸಿದೆನೆಂದು ಎದೆಯುಬ್ಬಿಸಿ ಪಂಕ್ತಿಯಲ್ಲಿ ಕೂತು ಎರಡು ಸಲ ಪಾಯಸ ಹಾಕಿಸಿಕೊಂಡೆ.

ಮದುವೆ ಮುಗಿಸಿ ತುಮಕೂರಿನ ಬಸ್ಸು ಹತ್ತಿದೆವು. ಕುಣಿಗಲ್ ಕೆರೆಯ ಏರಿ ಹಿಂದಾದ ಮೇಲೆ ಸುಮಿತ್ರ ಮೆಲ್ಲಗೆ ನನ್ನ ಕೈಹಿಡಿದುಕೊಂಡಳು. ಹಳೆ ಮೈಸೂರಿನ ಸಂಸಾರಸ್ಥರು ಪ್ರೈವೇಟ್ ಬಸ್ಸಿನಲ್ಲಿ ಹಗಲು ಹೊತ್ತು ಕೈಹಿಡಿದುಕೊಳ್ಳುವ ಕಾಲವಲ್ಲ ಅದು. ನಾನು ಬೆರಗಾಗಿ ತಿರುಗಿದೆ.

"ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ" ಎಂದಳು. "ಮನುಷ್ಯ ಅಂದ್ಮೇಲೆ ಆಸೆ ಬರುತ್ತೆ. ನಮ್ಮಪ್ಪನೂ ಅದನ್ನೇ ಅಂದ್ರು. ಆದ್ರೆ ತಾವಾಗೇ ಕತ್ತಲೆ ಕೋಣೆ ಕೇಳಿ ವಾಪಸ್ ಇಟ್ರಲ್ಲ, ಅಷ್ಟು ಧೈರ್ಯ ಎಷ್ಟು ಜನ ಗಂಡಸರಿಗಿದೆ? ನಮ್ಮ ಕಡೇಲಿ ಇನ್ನು ಯಾರೂ ಇದರ ಮಾತೆತ್ತಲ್ಲ. ನನಗಂತೂ ನಿಮ್ಮ ಮೇಲಿನ ಗೌರವ ಜಾಸ್ತಿಯಾಯ್ತು."

ನಾನು ಬಾಯಿ ತೆರೆದೆ. ಸಯಾಮಿನ ಒಲೆ, ಮೇಷ್ಟರ ಪಾಠ, ಬಲ್ಬಿನ ಕಾವು ಎಲ್ಲವೂ ನಾಲಿಗೆಯ ತುದಿಯಲ್ಲಿ ಸಾಲಾಗಿ ನಿಂತಿದ್ದವು. ಸುಮಿತ್ರ ನನ್ನ ಭುಜಕ್ಕೆ ತಲೆಯಾನಿಸಿದಳು. ನಿರಪರಾಧಿಯಾಗಿ ಅವಳ ಜೊತೆ ಸಂಸಾರ ಮಾಡಿದ ಇಷ್ಟು ವರ್ಷಗಳಲ್ಲಿ ಇಂಥದೊಂದು ಸುಖ ನನಗೆ ಒಮ್ಮೆಯೂ ಸಿಕ್ಕಿರಲಿಲ್ಲ. ತೆರೆದ ಬಾಯಿಯನ್ನು ಮುಚ್ಚಿಕೊಂಡು, ತಪ್ಪೊಪ್ಪಿಕೊಂಡ ಕಳ್ಳನಾಗಿಯೇ ತುಮಕೂರಿನಲ್ಲಿ ಇಳಿದೆ.